ಲ್ಯಾಪ್‌ಟಾಪ್ ಆನ್ ಆಗುತ್ತದೆ, ವಿಂಡೋಸ್ ಬರುವುದಿಲ್ಲ. ಹೊಸದಾಗಿ ಹಾಕಲು ಹೋದರೆ ‘ಡ್ರೈವ್ ಇಲ್ಲ’ ಎನ್ನುತ್ತದೆ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟರು. ಟೈಪ್ ಮಾಡುವುದು, ಪ್ರಿಂಟ್ ಕೊಡುವುದು ಬಿಟ್ಟರೆ ಕಂಪ್ಯೂಟರ್ ವಿದ್ಯೆ ಅಷ್ಟಕ್ಕಷ್ಟೆ.

ಕಳೆದ ವಾರ ವಿಂಡೋಸ್ ಅಪ್‌ಡೇಟ್ ಅರ್ಧದಲ್ಲಿರುವಾಗ ಕರೆಂಟ್ ಹೋಯಿತು. ಬ್ಯಾಟರಿಯಲ್ಲಿ ಜೀವ ಇಲ್ಲವಾದ್ದರಿಂದ ಲ್ಯಾಪ್‌ಟಾಪ್ ಕೂಡಲೇ ಆರಿತು. ಅಂದಿನಿಂದ ಕಂಪನಿಯ ಲೋಗೋ ಬರುತ್ತದೆ, ಕೆಳಗೆ ಚುಕ್ಕಿಗಳು ಸುತ್ತುತ್ತವೆ, ತನ್ನಷ್ಟಕ್ಕೆ ದುರಸ್ತಿ ಮಾಡಿಕೊಳ್ಳುತ್ತೇನೆ ಎನ್ನುತ್ತದೆ, ನೀಲಿ ಪರದೆ ತೋರಿಸುತ್ತದೆ, ಮತ್ತೆ ಲೋಗೋ. ನಮ್ಮ ಶಾಲೆಯ ಕಂಪ್ಯೂಟರ್ ಶಿಕ್ಷಕರು ಪೆನ್‌ಡ್ರೈವ್‌ನಲ್ಲಿ ವಿಂಡೋಸ್ 11 ಹಾಕಿಕೊಟ್ಟರು. ಅದರಿಂದ ಶುರು ಮಾಡಿದರೆ ಭಾಷೆ ಕೇಳುತ್ತದೆ, ಷರತ್ತು ಒಪ್ಪಿಕೊಳ್ಳಿ ಎನ್ನುತ್ತದೆ, ಎಲ್ಲಿ ಹಾಕಬೇಕು ಎಂದು ಕೇಳುವ ಜಾಗದಲ್ಲಿ ಮಾತ್ರ ಪಟ್ಟಿ ಖಾಲಿ. ಯಾವ ಡ್ರೈವ್ ಕೂಡ ಸಿಗಲಿಲ್ಲ ಎಂಬ ಸಂದೇಶ.

ಪೇಟೆಯ ರಿಪೇರಿ ಅಂಗಡಿಯವರು ನೋಡಿ ‘ಎಸ್‌ಎಸ್‌ಡಿ ಹೋಗಿದೆ ಸರ್, ಹೊಸದು ಹಾಕಬೇಕು, ಹಳೆಯ ಫೈಲುಗಳನ್ನು ಮರೆತುಬಿಡಿ’ ಎಂದರು. ಎಸ್‌ಎಸ್‌ಡಿ ಎಂದರೆ ಫೈಲುಗಳೆಲ್ಲ ಇರುವ ಡಿಸ್ಕಂತೆ. ಒಳಗೆ ವರ್ಷಗಟ್ಟಲೆಯ ಪ್ರಶ್ನೆಪತ್ರಿಕೆಗಳಿವೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ತಾತನವರ ಕೈಬರಹದಲ್ಲಿದ್ದ ಯಕ್ಷಗಾನ ಪ್ರಸಂಗಗಳನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದೇನೆ. ಮೂಲ ಪ್ರತಿಗೆ ಗೆದ್ದಲು ಹಿಡಿದು ಆಗಿದೆ. ದಾರಿ ಇದ್ದರೆ ಹೇಳಿ.

ಅರ್ಧಬೈಟು:
ಫಾರ್ಮ್ಯಾಟ್ ಮಾಡಿ ಬಿಸಾಡಿ, ಎಲ್ಲ ಸರಿಹೋಗುತ್ತದೆ.

ಹಳೇಪೆಂಟಿಯಂ:
ಅರ್ಧಬೈಟು ಅವರೇ, ಹೆಸರಿಗೆ ತಕ್ಕಂತೆ ಅರ್ಧ ಓದಿದಿರಿ. ಫೈಲು ಬೇಕು ಎಂದು ಅವರು ಬರೆದಿದ್ದಾರೆ. ಅಲ್ಲದೆ ಡಿಸ್ಕೇ ಕಾಣದಿರುವಾಗ ಯಾವುದನ್ನು ಫಾರ್ಮ್ಯಾಟ್ ಮಾಡುವುದು?

ಮೇಷ್ಟರೇ, ಮೊದಲು ಆ ಅಂಗಡಿಯಿಂದ ಯಂತ್ರವನ್ನು ಮನೆಗೆ ತನ್ನಿ. ಎರಡು ವಿಷಯ ಹೇಳಿ. ಒಂದು, ಪ್ರೊಸೆಸರ್ ಯಾವುದು? ಲ್ಯಾಪ್‌ಟಾಪ್ ಮೇಲಿನ ಚೀಟಿಯಲ್ಲಿ ಅಥವಾ ಬಿಲ್ಲಿನಲ್ಲಿ ಇರುತ್ತದೆ. ಎರಡು, ಆನ್ ಮಾಡಿದ ಕೂಡಲೇ ಎಫ್2 ಒತ್ತುತ್ತಾ ಬಯೋಸ್ ಒಳಗೆ, ಅಂದರೆ ವಿಂಡೋಸ್‌ಗಿಂತ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್ ಪುಟಕ್ಕೆ, ಹೋಗಿ. ಕೆಲವು ಕಂಪನಿಗಳಲ್ಲಿ ಎಫ್10, ಕೆಲವದರಲ್ಲಿ ಎಫ್1 ಅಥವಾ ಡಿಲೀಟ್. ಅಲ್ಲಿ ಎಸ್‌ಎಸ್‌ಡಿಯ ಹೆಸರು ಕಾಣುತ್ತದೆಯೇ ನೋಡಿ. ಏನನ್ನೂ ಬದಲಾಯಿಸಬೇಡಿ, ನೋಡಿ ಹೊರಗೆ ಬನ್ನಿ.

ಮೆಣಸಿನಕಾಯಿಬಜ್ಜಿ:
ಹಿಂಭಾಗ ಬಿಚ್ಚಿ, ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿ. ನಮ್ಮ ಕಚೇರಿಯಲ್ಲಿ ಅರ್ಧಕ್ಕರ್ಧ ಕಂಪ್ಯೂಟರ್‌ಗಳು ಇದರಿಂದಲೇ ಬದುಕಿವೆ.

ಸೊನ್ನೆಒಂದು:
ಲೋಗೋ ಬರುತ್ತಿದೆ, ಪೆನ್‌ಡ್ರೈವ್‌ನಿಂದ ವಿಂಡೋಸ್ ಪರದೆಯೂ ಬರುತ್ತಿದೆ. ಅಂದರೆ ರ‍್ಯಾಮ್ ಕೆಲಸ ಮಾಡುತ್ತಿದೆ. ಪರದೆ ಪೂರ್ತಿ ಕಪ್ಪಾಗಿ ಬರಿಯ ಬೀಪ್ ಶಬ್ದ ಬಂದಾಗ ನಿಮ್ಮ ರಬ್ಬರು ತನ್ನಿ. ಈಗಿನ ಬಹಳಷ್ಟು ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಉಜ್ಜಲು ಏನೂ ಸಿಗುವುದಿಲ್ಲ.

ಮೆಣಸಿನಕಾಯಿಬಜ್ಜಿ:
ಉಜ್ಜಿದರೆ ನಷ್ಟವೇನು?

ಸೊನ್ನೆಒಂದು:
ಮೇಷ್ಟರು ಮೊದಲ ಬಾರಿ ಸ್ಕ್ರೂ ಬಿಚ್ಚುವವರು. ಕ್ಲಿಪ್ ಮುರಿದರೆ ನೀವು ಬಂದು ಅಂಟಿಸುತ್ತೀರಾ?

ಕರಾವಳಿಕಾಗೆ:
ಹಾರ್ಡ್‌ಡಿಸ್ಕ್ ಸತ್ತರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಸ್ವಲ್ಪ ಹೊತ್ತು ಓಡುತ್ತದೆ ಎಂದು ನಮ್ಮ ಭಾವ ಹೇಳುತ್ತಿದ್ದರು.

ಹಳೇಪೆಂಟಿಯಂ:
ನಿಮ್ಮ ಭಾವನ ಕಾಲದಲ್ಲಿ ತಿರುಗುವ ತಟ್ಟೆಯ ಡಿಸ್ಕುಗಳಿದ್ದವು. ಆಗಲೂ ಅದು ಒಳ್ಳೆಯ ಸಲಹೆ ಆಗಿರಲಿಲ್ಲ, ಹೊರಗೆ ತೆಗೆದ ಕೂಡಲೇ ತೇವ ಕೂರುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ದಯವಿಟ್ಟು ಫ್ರಿಜ್‌ನಲ್ಲಿ ಮೀನು ಇಡಿ.

ತುಂಗಾತೀರ:
ನೋಡಿದೆ. ಬಯೋಸ್‌ನಲ್ಲಿ 512 ಜಿಬಿ ಎಂದು ಎಸ್‌ಎಸ್‌ಡಿಯ ಹೆಸರು, ಉದ್ದದ ಸಂಖ್ಯೆ ಎರಡೂ ಬರುತ್ತಿವೆ. ಪ್ರೊಸೆಸರ್ ಇಂಟೆಲ್ ಐ5, 11ನೇ ತಲೆಮಾರು. 2022ರಲ್ಲಿ ಕೊಂಡದ್ದು. ಲ್ಯಾಪ್‌ಟಾಪ್ ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿದರೆ ಇಲ್ಲಿ ಬೇರೆಯೇ ಯುದ್ಧ ಶುರುವಾಗುತ್ತದೆ.

ಹಳೇಪೆಂಟಿಯಂ:
ಹಾಗಾದರೆ ನಿಮ್ಮ ಎಸ್‌ಎಸ್‌ಡಿ ಬದುಕಿದೆ ಎಂದು ತೊಂಬತ್ತು ಭಾಗ ಹೇಳಬಹುದು.

11ನೇ ತಲೆಮಾರಿನಿಂದ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಬಂದಿದೆ, ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್. ನಿಮಗೆ ಅರ್ಥವಾಗುವಂತೆ ಹೇಳಬೇಕೆಂದರೆ, ಅಡಿಕೆ ಮಂಡಿಯಲ್ಲಿ ಬೆಳೆಗಾರನೂ ಖರೀದಿದಾರನೂ ನೇರವಾಗಿ ಮಾತಾಡದೆ ನಡುವೆ ದಲಾಲರು ಕೂತಿರುತ್ತಾರಲ್ಲ, ಹಾಗೆ. ಪ್ರೊಸೆಸರ್ ಒಳಗಿನ ವಿಎಂಡಿ ಎಸ್‌ಎಸ್‌ಡಿಯನ್ನು ತನ್ನ ಹಿಂದೆ ಇಟ್ಟುಕೊಳ್ಳುತ್ತದೆ. ಅದರೊಡನೆ ಮಾತಾಡಲು ವಿಂಡೋಸ್‌ಗೆ ಇಂಟೆಲ್‌ನ ಆರ್‌ಎಸ್‌ಟಿ ಡ್ರೈವರ್ ಎಂಬ ಸಣ್ಣ ತಂತ್ರಾಂಶ ಬೇಕು. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್‌ನಲ್ಲಿ ಕಂಪನಿಯವರು ಅದನ್ನು ಸೇರಿಸಿರುತ್ತಾರೆ. ಇಳಿಸಿಕೊಂಡ ವಿಂಡೋಸ್‌ನ ಪೆನ್‌ಡ್ರೈವ್‌ನಲ್ಲಿ ಅದು ಇರದಿದ್ದರೆ ಪಟ್ಟಿ ಖಾಲಿ. ಅಂಗಡಿಯವರು ಆ ಖಾಲಿ ಪಟ್ಟಿಯನ್ನು ನೋಡಿಯೇ ಡಿಸ್ಕ್ ಸತ್ತಿದೆ ಎಂದಿರಬೇಕು.

ಸಿಲಿಕಾನ್‌ಸೊಸೆ:
ಇಷ್ಟು ಪುರಾಣ ಏಕೆ? ಬಯೋಸ್‌ನಲ್ಲಿ ವಿಎಂಡಿಯನ್ನು ಆಫ್ ಮಾಡಿದರೆ ಮುಗಿಯಿತು, ಡಿಸ್ಕ್ ನೇರವಾಗಿ ಕಾಣುತ್ತದೆ. ಮನೆ ಬಳಕೆಯ ಒಂದೇ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ಗೆ ವಿಎಂಡಿಯಿಂದ ಮೂರು ಕಾಸಿನ ಲಾಭವಿಲ್ಲ. ಏಸರ್‌ನಲ್ಲಿ ಈ ಆಯ್ಕೆಯನ್ನು ಬಚ್ಚಿಟ್ಟಿರುತ್ತಾರೆ. ಬಯೋಸ್‌ನ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಹೊರಬರುತ್ತದೆ. ಬೇರೆ ಕಂಪನಿಗಳಲ್ಲಿ ಅಡ್ವಾನ್ಸ್ಡ್ ಅಥವಾ ಸ್ಟೋರೇಜ್ ಪುಟದಲ್ಲಿ ಹುಡುಕಿ.

ಹಳೇಪೆಂಟಿಯಂ:
ಆಮೇಲೆ ಆಫ್ ಮಾಡಲಿ, ಈಗ ಬೇಡ ಎನ್ನುತ್ತಿದ್ದೇನೆ. ಒಳಗಿರುವ ವಿಂಡೋಸ್ ವಿಎಂಡಿಗೆ ಒಗ್ಗಿಕೊಂಡಿದೆ. ಆಫ್ ಮಾಡಿ ಅದನ್ನೇ ಎಬ್ಬಿಸಲು ಹೋದರೆ ಬೂಟ್ ಡಿಸ್ಕ್ ಸಿಗುತ್ತಿಲ್ಲ ಎಂಬ ಇನ್ನೊಂದು ನೀಲಿ ಪರದೆ ಬರುತ್ತದೆ. ಈಗಿನ ರೋಗದ ಮೇಲೆ ಇನ್ನೊಂದು ರೋಗ ಬಂದರೆ ಯಾವುದು ಯಾವುದರಿಂದ ಎಂದು ತಿಳಿಯುವುದಿಲ್ಲ. ಮೊದಲು ಫೈಲು ಹೊರಗೆ ಬರಲಿ.

ಸಿಲಿಕಾನ್‌ಸೊಸೆ:
ಹೊಸದಾಗಿ ವಿಂಡೋಸ್ ಹಾಕುವವರಿಗೆ ಹಳೆಯದರ ಗೊಡವೆ ಏಕೆ ಎಂಬುದು ನನ್ನ ಮಾತು. ಆದರೆ ಫೈಲು ಮೊದಲು ಎಂಬುದಕ್ಕೆ ನನ್ನ ತಕರಾರಿಲ್ಲ.

ಪೆಂಗ್ವಿನ್‌ಪುಟ್ಟ:
ಇಷ್ಟು ಹೊತ್ತು ತಾಳ್ಮೆಯಿಂದ ಕಾದೆ, ಈಗ ನನ್ನ ಸರದಿ. ಮೇಷ್ಟರೇ, ಬೇರೆ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಇಳಿಸಿಕೊಳ್ಳಿ, ವಿಂಡೋಸ್‌ನ ಜಾಗದಲ್ಲಿ ಓಡಬಲ್ಲ ಇನ್ನೊಂದು ಕಾರ್ಯವ್ಯವಸ್ಥೆ ಅದು. ರೂಫಸ್ ಅಥವಾ ಬಲೇನಾ ಎಚರ್ ಬಳಸಿ ಪೆನ್‌ಡ್ರೈವ್‌ಗೆ ಬರೆಯಿರಿ. ಇಳಿಸಿಕೊಂಡ ಐಎಸ್‌ಒ ಫೈಲನ್ನು ಹಾಗೆಯೇ ಕಾಪಿ ಮಾಡಿ ಅಂಟಿಸಿದರೆ ಕೆಲಸ ಆಗುವುದಿಲ್ಲ, ಬಹಳ ಜನ ಅಲ್ಲಿಯೇ ಎಡವುತ್ತಾರೆ. ಆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಏನನ್ನೂ ಸ್ಥಾಪಿಸದೆಯೇ ಮಿಂಟ್ ಪೂರ್ತಿ ತೆರೆದುಕೊಳ್ಳುತ್ತದೆ. ಲಿನಕ್ಸ್ ಕರ್ನೆಲ್‌ನಲ್ಲಿ ವಿಎಂಡಿ ಡ್ರೈವರ್ ಮೊದಲೇ ಇದೆ, ಹಾಗಾಗಿ ನಿಮ್ಮ ಎಸ್‌ಎಸ್‌ಡಿ ಕಾಣಬೇಕು. ಫೈಲುಗಳನ್ನು ಹೊರಗಿನ ಡಿಸ್ಕಿಗೆ ಎಳೆದು ಹಾಕಿ. ಪರದೆಯ ಮೇಲಿರುವ ‘ಇನ್‌ಸ್ಟಾಲ್’ ಗುರುತನ್ನು ಮಾತ್ರ ಮುಟ್ಟಬೇಡಿ.

ಆಮೇಲೆ ಮನಸ್ಸಾದರೆ ಮುಟ್ಟಿ, ವಿಂಡೋಸ್‌ನ ಸಹವಾಸವೇ ತಪ್ಪುತ್ತದೆ.

ಅರ್ಧಬೈಟು:
ಬಂತು ನೋಡಿ. ಯಾರ ಕಾಲು ಉಳುಕಿದರೂ ಇವರದು ಒಂದೇ ಔಷಧ.

ಡಿಟಿಪಿಅಕ್ಕ:
ಮೇಷ್ಟರೇ, ಪೆನ್‌ಡ್ರೈವ್ ಒಳ್ಳೆಯದು ತೆಗೆದುಕೊಳ್ಳಿ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕೆಲವು ಪೆನ್‌ಡ್ರೈವ್‌ಗಳ ಮೇಲೆ ಒಂದು ಅಳತೆ ಬರೆದಿರುತ್ತದೆ, ಒಳಗೆ ಅದರ ಕಾಲುಭಾಗವೂ ಇರುವುದಿಲ್ಲ. ಕಾಪಿ ಆಯಿತು ಎಂದು ತೋರಿಸುತ್ತದೆ, ತೆರೆದರೆ ಫೈಲು ಕೆಟ್ಟಿರುತ್ತದೆ. ಪ್ರಸಂಗದ ಫೈಲುಗಳನ್ನು ಅದಕ್ಕೆ ನಂಬಿ ಕೊಡಬೇಡಿ.

ತುಂಗಾತೀರ:
ಮಿಂಟ್ ಬಂತು! ಡಿಸ್ಕೂ ಕಾಣಿಸಿತು. ಅಂಗಡಿಯವರು ಸತ್ತಿದೆ ಎಂದ ಡಿಸ್ಕು ಇದೇನಾ ಎಂದು ಎರಡೆರಡು ಸಲ ನೋಡಿದೆ. ಆದರೆ ಅದರ ಮೇಲೆ ಕ್ಲಿಕ್ ಮಾಡಿದರೆ ಬೀಗದ ಚಿತ್ರ ಬಂದು ಬಿಟ್‌ಲಾಕರ್ ಎಂದು ಏನೋ ಕೀಲಿ ಕೇಳುತ್ತಿದೆ. ನಾನು ಯಾವ ಬೀಗವನ್ನೂ ಹಾಕಿಲ್ಲ. ನನ್ನ ಪಿನ್ ಹಾಕಿದರೆ ಒಪ್ಪುತ್ತಿಲ್ಲ.

ಸೊನ್ನೆಒಂದು:
ಆಗಲೇ ಅನುಮಾನ ಇತ್ತು. ನೀವು ಹಾಕಿಲ್ಲ, ವಿಂಡೋಸ್ ಹಾಕಿದೆ. ಹೋಮ್ ಆವೃತ್ತಿಯಲ್ಲಿ ಇದನ್ನು ಡಿವೈಸ್ ಎನ್‌ಕ್ರಿಪ್ಷನ್ ಎನ್ನುತ್ತಾರೆ. ಹೊಸ ಲ್ಯಾಪ್‌ಟಾಪ್‌ಗೆ ಮೊದಲ ಬಾರಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ, ಯಂತ್ರ ಅರ್ಹವಾಗಿದ್ದರೆ, ಡಿಸ್ಕ್ ತಾನೇ ಬೀಗ ಹಾಕಿಕೊಂಡು 48 ಅಂಕಿಗಳ ಕೀಲಿಯನ್ನು ಆ ಖಾತೆಗೆ ಕಳಿಸುತ್ತದೆ. ದಿನನಿತ್ಯ ಟಿಪಿಎಂ ಎಂಬ ಭದ್ರತಾ ಚಿಪ್ ಬೀಗ ತೆಗೆಯುವುದರಿಂದ ನಿಮಗೆ ಗೊತ್ತೇ ಆಗುವುದಿಲ್ಲ. ಬೂಟ್ ಆಗುವ ದಾರಿ ಬದಲಾದರೆ, ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಮುಂತಾದವುಗಳಲ್ಲಿ ಕೈಯಾಡಿಸಿದರೆ, ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದರೆ, ಟಿಪಿಎಂ ಕೈಕಟ್ಟಿ ಕೂರುತ್ತದೆ. ಆಗ ಆ 48 ಅಂಕಿಗಳೇ ಬೇಕು. ಪಿನ್ ಆಗುವುದಿಲ್ಲ.

ಬೇರೆ ಯಾವುದಾದರೂ ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯೊಳಗೆ ಹೋಗಿ, ಡಿವೈಸಸ್ ಎಂಬಲ್ಲಿ ರಿಕವರಿ ಕೀ ಇದೆಯೇ ನೋಡಿ. ಕೀಲಿಗಳು ಹಲವಿದ್ದರೆ ಪರದೆಯ ಮೇಲಿನ ಗುರುತಿನ ಮೊದಲ 8 ಅಕ್ಷರಗಳಿಗೆ ಹೊಂದುವುದನ್ನು ಆರಿಸಿ.

ಅರ್ಧಬೈಟು:
ಯೂಟ್ಯೂಬಿನಲ್ಲಿ ಬಿಟ್‌ಲಾಕರ್ ಮುರಿಯುವ ತಂತ್ರಾಂಶ ಇದೆ ಎಂದು ತೋರಿಸುತ್ತಾರೆ.

ಸೊನ್ನೆಒಂದು:
ತೋರಿಸುವವರಿಗೆ ವೀಕ್ಷಣೆ ಸಿಗುತ್ತದೆ, ಇಳಿಸಿಕೊಂಡವರಿಗೆ ವೈರಸ್ ಸಿಗುತ್ತದೆ. ಕೀಲಿ ಇಲ್ಲದಿದ್ದರೆ ಇಲ್ಲ. ಮೈಕ್ರೋಸಾಫ್ಟ್‌ಗೆ ಫೋನ್ ಮಾಡಿದರೂ ಅವರು ಹೊಸ ಕೀಲಿ ಮಾಡಿಕೊಡಲು ಆಗುವುದಿಲ್ಲ.

ಮಸ್ಕತ್‌ಮಾವಳ್ಳಿ:
ಈ 48 ಅಂಕಿಗಳ ಕಥೆ ನನ್ನನ್ನು ಕೇಳಿ. ಇಲ್ಲಿ ಒಂದು ಕಂಪನಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. 2024ರ ಜುಲೈ 19ರಂದು ಒಂದು ಭದ್ರತಾ ತಂತ್ರಾಂಶದ ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಂದವಲ್ಲ, ಅವತ್ತು. ಪರಿಹಾರ ಬಹಳ ಸರಳ: ಸೇಫ್ ಮೋಡ್‌ಗೆ ಹೋಗಿ ಒಂದು ಫೈಲನ್ನು ಅಳಿಸಬೇಕು. ಆದರೆ ಅಲ್ಲಿಗೆ ಹೋಗಲು ಪ್ರತಿ ಯಂತ್ರಕ್ಕೂ ಬಿಟ್‌ಲಾಕರ್ ಕೀಲಿ ಬೇಕು. ಕೀಲಿಗಳ ಪಟ್ಟಿ ಇದ್ದ ಸರ್ವರ್ ಕೂಡ ನೀಲಿ ಪರದೆಯಲ್ಲಿ ಮಲಗಿತ್ತು. ಪಟ್ಟಿ ಸಿಕ್ಕ ಮೇಲೆ ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಒತ್ತುವುದು. ಪಕ್ಕದ ಮಲಯಾಳಿ ಸಹೋದ್ಯೋಗಿ ಸಂಜೆಯ ಹೊತ್ತಿಗೆ ಕನ್ನಡದಲ್ಲಿ ಅಂಕಿ ಎಣಿಸುವುದನ್ನು ಕಲಿತಿದ್ದರು.

ತುಂಗಾತೀರ:
ನನ್ನ ಖಾತೆಯಲ್ಲಿ ನೋಡಿದೆ, ಯಾವ ಕೀಲಿಯೂ ಇಲ್ಲ ಎಂದು ಬರುತ್ತಿದೆ. ಇಲ್ಲಿಗೆ ಮುಗಿಯಿತೇ?

ಡಿಟಿಪಿಅಕ್ಕ:
ಮುಗಿದಿಲ್ಲ. ಲ್ಯಾಪ್‌ಟಾಪ್ ತಂದ ದಿನ ಮೊದಲು ಆನ್ ಮಾಡಿ ಕೊಟ್ಟವರು ಯಾರು? ನಮ್ಮ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಹೆಚ್ಚಿನವರ ಕೀಲಿ ಮಗನದೋ ಅಳಿಯನದೋ ಖಾತೆಯಲ್ಲಿ ಇರುತ್ತದೆ. ಮಾರಿದ ಅಂಗಡಿಯವನೇ ಯಾವುದೋ ಇಮೇಲ್ ಮಾಡಿ ಹಾಕಿದ್ದ ಉದಾಹರಣೆಯೂ ಇದೆ.

ತುಂಗಾತೀರ:
ಅಕ್ಕ, ನೀವು ಹೇಳಿದ ಮೇಲೆ ಹೊಳೆಯಿತು. ಬೆಂಗಳೂರಿನಲ್ಲಿರುವ ತಂಗಿಯ ಮಗ ಕೊಡಿಸಿದ್ದು, ಅವನೇ ಎಲ್ಲ ಜೋಡಿಸಿ ಕೊಟ್ಟಿದ್ದ. ಫೋನ್ ಮಾಡುತ್ತೇನೆ.

ಸಿಲಿಕಾನ್‌ಸೊಸೆ:
ಕೇಳದೆ ಬೀಗ ಹಾಕಿ ಕೀಲಿಯನ್ನು ಯಾರದೋ ಖಾತೆಗೆ ಕಳಿಸುವುದು ಎಲ್ಲಿಯ ನ್ಯಾಯ? ವಿಂಡೋಸ್ 11ರ ಆವೃತ್ತಿ 24ಎಚ್2 ಬಂದ ಮೇಲೆ ಹೊಸದಾಗಿ ವಿಂಡೋಸ್ ಹಾಕಿದ ಇನ್ನೂ ಹೆಚ್ಚಿನ ಯಂತ್ರಗಳಲ್ಲಿ ಇದು ತಾನಾಗಿಯೇ ಆನ್ ಆಗುತ್ತಿದೆ.

ಮಸ್ಕತ್‌ಮಾವಳ್ಳಿ:
ನಾನು ಒಪ್ಪುವುದಿಲ್ಲ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕಳೆದುಹೋದರೆ ಡಿಸ್ಕ್ ಬಿಚ್ಚಿದವನಿಗೆ ನಿಮ್ಮ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್ ಎಲ್ಲ ಸಿಗುತ್ತಿತ್ತು. ಈಗ ಸಿಗುವುದಿಲ್ಲ. ಬೀಗ ಇರಲಿ, ಬೀಗ ಹಾಕಿದ್ದೇನೆ ಎಂದು ದೊಡ್ಡ ಅಕ್ಷರದಲ್ಲಿ ಹೇಳಲಿ.

ಸಿಲಿಕಾನ್‌ಸೊಸೆ:
ಆ ಎರಡನೇ ವಾಕ್ಯವೇ ನನ್ನ ದೂರು.

ಮೆಣಸಿನಕಾಯಿಬಜ್ಜಿ:
ಬೀಗ ಇಲ್ಲದ ಕಾಲದಲ್ಲಿ ನೆಮ್ಮದಿ ಇತ್ತು. ನಮ್ಮ ಹಳೆಯ ವಿಂಡೋಸ್ 7 ಇಂದಿಗೂ ಓಡುತ್ತಿದೆ.

ಪೆಂಗ್ವಿನ್‌ಪುಟ್ಟ:
ಅದರಲ್ಲಿ ಬ್ಯಾಂಕ್ ವ್ಯವಹಾರ ಮಾತ್ರ ಮಾಡಬೇಡಿ ಸ್ವಾಮಿ. ಅದಕ್ಕೆ ಬೆಂಬಲ ನಿಂತದ್ದು 2020ರ ಜನವರಿಯಲ್ಲಿ.

ತುಂಗಾತೀರ:
ಸಿಕ್ಕಿತು! ಸೋದರಳಿಯನ ಖಾತೆಯಲ್ಲಿ ನನ್ನ ಲ್ಯಾಪ್‌ಟಾಪ್‌ನ ಹೆಸರಿನ ಮುಂದೆಯೇ ಕೀಲಿ ಇತ್ತು. ವಾಟ್ಸಾಪ್‌ನಲ್ಲಿ ಕಳಿಸಿದ. ಮಿಂಟ್‌ನಲ್ಲಿ ಹಾಕಿದರೆ ಮೊದಲು ಒಪ್ಪಲಿಲ್ಲ.

ಪೆಂಗ್ವಿನ್‌ಪುಟ್ಟ:
ನಡುವಿನ ಅಡ್ಡಗೆರೆಗಳ ಸಮೇತ ಹಾಕಿ. ಆರಾರು ಅಂಕಿಗಳ ಎಂಟು ಗುಂಪು. ತೆರೆದ ಮೇಲೆ ಡಿಸ್ಕ್ ‘ಓದಲು ಮಾತ್ರ’ ಎಂದು ಬಂದರೆ ಗಾಬರಿ ಬೇಡ. ವಿಂಡೋಸ್ ಸರಿಯಾಗಿ ಮುಚ್ಚಿಲ್ಲವಾದ್ದರಿಂದ ಹಾಗೆ. ನಿಮಗೆ ಓದುವುದಷ್ಟೇ ತಾನೇ ಬೇಕು?

ತುಂಗಾತೀರ:
ಗೆರೆ ಹಾಕಿದ ಕೂಡಲೇ ತೆರೆಯಿತು. ಯೂಸರ್ಸ್ ಫೋಲ್ಡರ್‌ನಲ್ಲಿ ನನ್ನ ಹೆಸರಿನೊಳಗೆ ಎಲ್ಲ ಇದೆ. ಸಹೋದ್ಯೋಗಿಯ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಆಗುತ್ತಿದೆ. ಕೃಷ್ಣಾರ್ಜುನ ಕಾಳಗ ಆಚೆ ಬಂತು, ಈಗ ಸುಧನ್ವ ಕಾಳಗ ಹೋಗುತ್ತಿದೆ.

ಕರಾವಳಿಕಾಗೆ:
ಬಡಗಿನ ಪ್ರತಿಯೇ? ನಮ್ಮ ಕಡೆ ತೆಂಕುತಿಟ್ಟು. ಆ ಫೈಲುಗಳನ್ನು ಎಲ್ಲಾದರೂ ಹಂಚಿಕೊಳ್ಳಿ ಮೇಷ್ಟರೇ, ಪದ್ಯಗಳಲ್ಲಿ ಏನು ವ್ಯತ್ಯಾಸ ಇದೆ ನೋಡುವ ಆಸೆ.

ಹಳೇಪೆಂಟಿಯಂ:
ಕಾಪಿ ಮುಗಿದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ನಾಲ್ಕಾರು ಫೈಲು ತೆರೆದು ನೋಡಿ, ಆಮೇಲೆ ಮುಂದಿನ ಮಾತು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎರಡನ್ನೂ ಬಿಡಬೇಡಿ. ಒತ್ತಿ ಹೇಳಲು ಕಾರಣವಿದೆ. ಹಳೆಯ ತಟ್ಟೆಯ ಡಿಸ್ಕನ್ನು ಅವಸರದಲ್ಲಿ ಫಾರ್ಮ್ಯಾಟ್ ಮಾಡಿದರೂ ರಿಕವರಿ ತಂತ್ರಾಂಶದಿಂದ ಬಹಳಷ್ಟು ವಾಪಸ್ ಬರುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ಆಜ್ಞೆ ಇದೆ. ಫಾರ್ಮ್ಯಾಟ್ ಮಾಡಿದಾಗ ‘ಈ ಜಾಗವೆಲ್ಲ ಖಾಲಿ’ ಎಂದು ವಿಂಡೋಸ್ ಡಿಸ್ಕಿಗೆ ಹೇಳುತ್ತದೆ, ಡಿಸ್ಕ್ ಅದನ್ನು ಒಳಗೊಳಗೇ ತೊಳೆದುಬಿಡುತ್ತದೆ. ಆಮೇಲೆ ಯಾವ ತಂತ್ರಾಂಶಕ್ಕೂ ಏನೂ ಸಿಗುವುದಿಲ್ಲ.

ಸೊನ್ನೆಒಂದು:
ಫೈಲು ಸುರಕ್ಷಿತ ಎಂದಾದ ಮೇಲೆ, ಹೊಸದಾಗಿ ಹಾಕುವ ಮೊದಲು ಒಂದು ಪ್ರಯತ್ನ. ಪೆನ್‌ಡ್ರೈವ್ ತೆಗೆದು ಆನ್ ಮಾಡಿ, ದುರಸ್ತಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಎಂಬಲ್ಲಿಗೆ ಹೋಗಿ ಈಚಿನ ಕ್ವಾಲಿಟಿ ಅಪ್‌ಡೇಟ್ ತೆಗೆಯಲು ಹೇಳಿ. ಕೀಲಿ ಕೇಳಿದರೆ ಈಗ ನಿಮ್ಮ ಬಳಿ ಇದೆ. ಅರ್ಧಕ್ಕೆ ನಿಂತ ಅಪ್‌ಡೇಟ್ ಎಷ್ಟೋ ಸಲ ಇಷ್ಟರಿಂದಲೇ ಸರಿಹೋಗುತ್ತದೆ.

ಅರ್ಧಬೈಟು:
ಬೂಟ್‌ರೆಕ್ ಆಜ್ಞೆಗಳನ್ನು ಮರೆತಿರಾ? ಫಿಕ್ಸ್‌ಎಂಬಿಆರ್, ಫಿಕ್ಸ್‌ಬೂಟ್. ಎಲ್ಲ ವಿಡಿಯೊಗಳಲ್ಲೂ ಅದೇ.

ಸೊನ್ನೆಒಂದು:
ಎಂಬಿಆರ್ ಹಳೆಯ ಪದ್ಧತಿ. ಯುಇಎಫ್‌ಐ ಎಂಬ ಹೊಸ ಪದ್ಧತಿಯ ಯಂತ್ರ ಬೂಟ್ ಆಗುವುದು ಇಎಫ್‌ಐ ವಿಭಾಗದಿಂದ, ಅಲ್ಲಿ ಫಿಕ್ಸ್‌ಎಂಬಿಆರ್‌ಗೆ ಕೆಲಸವಿಲ್ಲ. ಫಿಕ್ಸ್‌ಬೂಟ್ ಒತ್ತಿದರೆ ಬಹಳ ಕಡೆ ಪ್ರವೇಶ ನಿರಾಕರಿಸಲಾಗಿದೆ ಎಂದು ಉತ್ತರ ಬರುತ್ತದೆ. ಬೂಟ್ ಫೈಲುಗಳೇ ಹಾಳಾಗಿದ್ದರೆ ಬಿಸಿಡಿಬೂಟ್ ಎಂಬ ಆಜ್ಞೆ ಅವನ್ನು ಮತ್ತೆ ಬರೆಯುತ್ತದೆ. ಇವರ ಯಂತ್ರದಲ್ಲಿ ಚುಕ್ಕಿಗಳು ಸುತ್ತುವ ತನಕ ಬರುತ್ತಿದೆ, ಅಂದರೆ ಬೂಟ್ ಫೈಲು ಚೆನ್ನಾಗಿಯೇ ಇದೆ. ತೊಂದರೆ ಅದರಾಚೆ.

ತುಂಗಾತೀರ:
ಅಪ್‌ಡೇಟ್ ತೆಗೆಯಲು ಹೋದರೆ ಸಾಧ್ಯವಾಗಲಿಲ್ಲ ಎಂದು ಬಂತು. ಫೈಲುಗಳು ಈಗ ಎರಡು ಕಡೆ ಇವೆ, ತೆರೆದೂ ನೋಡಿದೆ. ಹೊಸದಾಗಿಯೇ ಹಾಕುತ್ತೇನೆ. ಆ ಡ್ರೈವರ್ ಎಲ್ಲಿ ಸಿಗುತ್ತದೆ? ಇಂಟೆಲ್ ಪುಟದಿಂದ ಸೆಟಪ್‌ಆರ್‌ಎಸ್‌ಟಿ ಎಂಬ ಫೈಲು ಇಳಿಸಿ ಪೆನ್‌ಡ್ರೈವ್‌ಗೆ ಹಾಕಿದೆ, ‘ಲೋಡ್ ಡ್ರೈವರ್’ ಒತ್ತಿದರೆ ಅದು ಕಾಣುತ್ತಲೇ ಇಲ್ಲ.

ಹಳೇಪೆಂಟಿಯಂ:
ಆ ಫೈಲು ವಿಂಡೋಸ್ ಒಳಗೆ ಕೂತು ಓಡುವಂಥದ್ದು. ಇಲ್ಲಿ ಬೇಕಾಗಿರುವುದು ಅದರ ಹೊಟ್ಟೆಯಲ್ಲಿರುವ ಐಎನ್‌ಎಫ್ ಫೈಲುಗಳು. ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾದರಿಯ ಹೆಸರು ಹಾಕಿ ಸ್ಟೋರೇಜ್ ಅಥವಾ ಸಾಟಾ ಎಂಬ ತಲೆಬರಹದಡಿ ನೋಡಿ; ಕೆಲವು ಕಂಪನಿಗಳು ಜಿಪ್ ಆಗಿಯೇ ಕೊಡುತ್ತವೆ. ಅಲ್ಲಿ ಇಲ್ಲದಿದ್ದರೆ, ಶಾಲೆಯ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಸೆಟಪ್‌ಆರ್‌ಎಸ್‌ಟಿ ಫೈಲಿನ ಹೆಸರಿನ ಮುಂದೆ ಒಂದು ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ‘ಎಕ್ಸ್‌ಟ್ರ್ಯಾಕ್ಟ್‌ಡ್ರೈವರ್ಸ್’, ಜಾಗ ಬಿಟ್ಟು ಫೋಲ್ಡರ್ ಹೆಸರು ಕೊಟ್ಟರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಹೊಸ ಆವೃತ್ತಿಗಳು 11ನೇ ತಲೆಮಾರನ್ನು ಕೈಬಿಟ್ಟಿರಬಹುದು, ಇಳಿಸುವ ಮೊದಲು ಪುಟದಲ್ಲಿ ಯಾವ ತಲೆಮಾರಿಗೆ ಎಂದು ಓದಿ. ಬಿಚ್ಚಿದ ಫೋಲ್ಡರನ್ನು ವಿಂಡೋಸ್ ಇರುವ ಪೆನ್‌ಡ್ರೈವ್‌ನಲ್ಲಿಯೇ ಹಾಕಿ.

ಸಿಲಿಕಾನ್‌ಸೊಸೆ:
ಫೈಲು ಹೊರಗೆ ಬಂದಾಯಿತು, ಈಗಲಾದರೂ ವಿಎಂಡಿ ಆಫ್ ಮಾಡಿ ಹಾಕಬಹುದಲ್ಲ? ಡ್ರೈವರ್ ಹುಡುಕುವ ಕೆಲಸವೇ ಇರುವುದಿಲ್ಲ.

ಹಳೇಪೆಂಟಿಯಂ:
ಈಗ ಧಾರಾಳವಾಗಿ ಆಫ್ ಮಾಡಬಹುದು. ಒಂದೇ ಎಚ್ಚರ, ಆಮೇಲೆ ಯಾರಾದರೂ ಬಯೋಸ್ ರೀಸೆಟ್ ಮಾಡಿದರೆ ವಿಎಂಡಿ ಮತ್ತೆ ಆನ್ ಆಗಿ ಮೇಷ್ಟರು ಇಲ್ಲಿಗೇ ವಾಪಸ್ ಬರುತ್ತಾರೆ. ಡ್ರೈವರ್ ಹಾಕಿ ಮಾಡಿದರೆ ಆ ಗೋಜಿಲ್ಲ.

ತುಂಗಾತೀರ:
ಬಯೋಸ್‌ನಲ್ಲಿ ಆ ಆಯ್ಕೆಯೇ ಕಾಣಲಿಲ್ಲ. ಕಂಪ್ಯೂಟರ್ ಶಿಕ್ಷಕರು ಡ್ರೈವರ್ ಬಿಚ್ಚಿ ಕೊಟ್ಟರು. ಈಗ ಪಟ್ಟಿಯಲ್ಲಿ ವಿಎಂಡಿ ಕಂಟ್ರೋಲರ್ 9ಎ0ಬಿ ಎಂದು ಬಂದಿದೆ. ಇದೇನಾ?

ಹಳೇಪೆಂಟಿಯಂ:
ಅದೇ, 11ನೇ ತಲೆಮಾರಿನದು. ಆರಿಸಿ ಮುಂದೆ ಹೋಗಿ.

ತುಂಗಾತೀರ:
ಡಿಸ್ಕ್ ಬಂತು!! ಐದಾರು ಸಾಲುಗಳಿವೆ, ಯಾವುದರಲ್ಲಿ ಹಾಕಲಿ?

ಸೊನ್ನೆಒಂದು:
ಒಟ್ಟು 476 ಜಿಬಿ ಆಸುಪಾಸು ಬರುವ ಡಿಸ್ಕೇ ನಿಮ್ಮದು. 512 ಎಂದು ಮಾರುವುದನ್ನು ವಿಂಡೋಸ್ ಹಾಗೆ ಲೆಕ್ಕ ಹಾಕುತ್ತದೆ. ಹದಿನೈದೋ ಮೂವತ್ತೋ ಜಿಬಿಯದು ನೀವು ಚುಚ್ಚಿರುವ ಪೆನ್‌ಡ್ರೈವ್, ಅದನ್ನು ಅಳಿಸಿದರೆ ಕೂತ ಕೊಂಬೆ ಕಡಿದಂತೆ. ಹೊರಗಿನ ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದರೆ ಈಗಲೇ ಕಿತ್ತುಬಿಡಿ. ದೊಡ್ಡ ಡಿಸ್ಕಿನ ಎಲ್ಲ ವಿಭಾಗಗಳನ್ನೂ ಅಳಿಸಿ, ಖಾಲಿ ಜಾಗವನ್ನು ಆರಿಸಿ, ಮುಂದೆ ಒತ್ತಿ. ಬೇಕಾದ ವಿಭಾಗಗಳನ್ನು ಅದೇ ಮಾಡಿಕೊಳ್ಳುತ್ತದೆ. ಉತ್ಪನ್ನದ ಕೀಲಿ ಕೇಳಿದರೆ ಇಲ್ಲ ಎನ್ನಿ. ಜೊತೆಗೆ ಬಂದ ವಿಂಡೋಸ್‌ನ ಕೀಲಿ ಮದರ್‌ಬೋರ್ಡ್‌ನಲ್ಲಿಯೇ ಇರುತ್ತದೆ. ಮೊದಲಿದ್ದ ಆವೃತ್ತಿಯನ್ನೇ ಹಾಕಿದರೆ ಇಂಟರ್‌ನೆಟ್ ಸಿಕ್ಕ ಕೂಡಲೇ ತಾನೇ ನೋಂದಣಿಯಾಗುತ್ತದೆ.

ತುಂಗಾತೀರ:
ಆಯಿತು, ಆದರೆ ಈಗ ವೈಫೈ ಪಟ್ಟಿ ಖಾಲಿ. ಇಂಟರ್‌ನೆಟ್ ಇಲ್ಲದೆ ಮುಂದೆ ಬಿಡುತ್ತಿಲ್ಲ.

ಡಿಟಿಪಿಅಕ್ಕ:
ಮೊಬೈಲನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಮೊಬೈಲ್‌ನ ಹಾಟ್‌ಸ್ಪಾಟ್ ಪುಟದಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಆದರೆ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಾಗುವುದಿಲ್ಲ. ವೈಫೈ ಡ್ರೈವರನ್ನು ಆಮೇಲೆ ಅಪ್‌ಡೇಟ್ ತಾನೇ ತರುತ್ತದೆ. ಮತ್ತೆ ಈ ಸಲ ನಿಮ್ಮದೇ ಖಾತೆ ಹಾಕಿ!

ತುಂಗಾತೀರ:
ವಿಂಡೋಸ್ ಬಂತು, ನನ್ನದೇ ಖಾತೆ. ಕೀಲಿಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಟ್ಟೆ. ಎಲ್ಲರಿಗೂ ಧನ್ಯವಾದ. ಆದರೆ ಪ್ರಸಂಗದ ಫೈಲು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತಿದೆ. ಶಾಲೆಯಲ್ಲಿ ಸರಿಯಾಗಿ ಕಾಣುತ್ತಿತ್ತು.

ಡಿಟಿಪಿಅಕ್ಕ:
ಫೈಲು ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಹಳೆಯ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿಯೇ ಕನ್ನಡದ ಆಕಾರ ಕೂರಿಸಿದ್ದರು. ನುಡಿ ಮತ್ತೆ ಹಾಕಿ, ಕನ್ನಡ ಬರುತ್ತದೆ.

ಪೆಂಗ್ವಿನ್‌ಪುಟ್ಟ:
ಬಂದ ಮೇಲೆ ಯೂನಿಕೋಡ್‌ಗೆ ಬದಲಾಯಿಸಿ ಇಟ್ಟುಕೊಳ್ಳಿ ಮೇಷ್ಟರೇ. ಪ್ರಸಂಗವನ್ನು ಮೊಬೈಲ್‌ನಲ್ಲಿ ಓದಬಹುದು, ಪದ ಹುಡುಕಬಹುದು. ಕನ್ನಡ ಗಣಕ ಪರಿಷತ್ತಿನ ನುಡಿಯ ಈಚಿನ ಆವೃತ್ತಿಯಲ್ಲಿಯೇ ಪರಿವರ್ತಕ ಇದೆ. ಅರ್ಕಾವೊತ್ತು, ಒತ್ತಕ್ಷರಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ. ಅಂದ ಹಾಗೆ ನೀವು ಬಳಸುವ ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಸಿಗುತ್ತದೆ, ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ.

ಡಿಟಿಪಿಅಕ್ಕ:
ಯೂನಿಕೋಡ್ ಒಳ್ಳೆಯದೇ. ಆದರೆ ನಾವು ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲಿ ಅದು ಕೆಲಸ ಮಾಡುವುದಿಲ್ಲ. ನಮ್ಮ ಊರಿನ ಲಗ್ನಪತ್ರಿಕೆಗಳೆಲ್ಲ ಇಂದಿಗೂ ಅದರಲ್ಲಿಯೇ.

ಪೆಂಗ್ವಿನ್‌ಪುಟ್ಟ:
ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ ಅಕ್ಕ. ಅಂದು ಅದರಲ್ಲಿ ಪತ್ರಿಕೆ ಮಾಡಿಸಿಕೊಂಡವರ ಮಕ್ಕಳ ಮದುವೆ ಹತ್ತಿರ ಬಂತು.

ಡಿಟಿಪಿಅಕ್ಕ:
ಅವರೂ ನನ್ನ ಬಳಿಗೇ ಬರುತ್ತಾರೆ, ಬಿಡಿ.

ಮೆಣಸಿನಕಾಯಿಬಜ್ಜಿ:
ಆ ರಿಪೇರಿ ಅಂಗಡಿಯವನದು ಶುದ್ಧ ಮೋಸ. ಹೋಗಿ ಜಗಳ ತೆಗೆಯಬೇಕು ಮೇಷ್ಟರೇ.

ಹಳೇಪೆಂಟಿಯಂ:
ಮೋಸ ಎನ್ನಲಾರೆ. ದಿನಕ್ಕೆ ಇಪ್ಪತ್ತು ಯಂತ್ರ ನೋಡುವ ಹುಡುಗನಿಗೆ ಖಾಲಿ ಪಟ್ಟಿ ಎಂದರೆ ಸತ್ತ ಡಿಸ್ಕ್, ಹಳೆಯ ಯಂತ್ರಗಳಲ್ಲಿ ಅದು ನಿಜವೂ ಆಗಿತ್ತು. ಬಯೋಸ್ ನೋಡದೆ ಹೇಳಿದ್ದು ಮಾತ್ರ ತಪ್ಪು.

ಸಿಲಿಕಾನ್‌ಸೊಸೆ:
ಫೈಲು ಮರೆತುಬಿಡಿ ಎಂದು ನೋಡದೆಯೇ ಹೇಳಿದರಲ್ಲ, ಅದನ್ನು ನಾನು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ತುಂಗಾತೀರ:
ಜಗಳ ಬೇಡ. ಡ್ರೈವರ್ ಇರುವ ಪೆನ್‌ಡ್ರೈವ್‌ನ ಒಂದು ಪ್ರತಿ ಅವರಿಗೂ ಕೊಟ್ಟು ಬರುತ್ತೇನೆ. ಹೊಸ ಬ್ಯಾಟರಿಯನ್ನು ಹೇಗೂ ಅವರ ಬಳಿಯೇ ಹಾಕಿಸಬೇಕು.

ಗುಲಬರ್ಗಾಗುಗ್ಗರಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು 12ನೇ ತಲೆಮಾರು, ಇದೇ ಖಾಲಿ ಪಟ್ಟಿ. 9ಎ0ಬಿ ಹಾಕಿದರೂ ಡಿಸ್ಕ್ ಬರುತ್ತಿಲ್ಲ.

ಹಳೇಪೆಂಟಿಯಂ:
12ಕ್ಕೆ 467ಎಫ್ ಎಂಬುದನ್ನು ಆರಿಸಿ. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ನಿಮ್ಮ ಮಾದರಿಗೆ ಕಂಪನಿಯವರು ಕೊಟ್ಟಿರುವ ಡ್ರೈವರನ್ನೇ ಇಳಿಸಿಕೊಳ್ಳಿ. ಮೊದಲು ಒಳಗಿನ ಫೈಲುಗಳ ಗತಿ ಏನು ಹೇಳಿ, ಬೇಕಾದವು ಇವೆಯೇ?

ಗುಲಬರ್ಗಾಗುಗ್ಗರಿ:
ಏನೂ ಇಲ್ಲ, ಎರಡು ಸಿನಿಮಾ. 467ಎಫ್ ಹಾಕಿದೆ, ಡಿಸ್ಕ್ ಬಂತು. ಉಪಕಾರವಾಯಿತು ಸರ್.

ಕರಾವಳಿಕಾಗೆ:
ನಮ್ಮ ಭಾವನದು 6ನೇ ತಲೆಮಾರು, ವಿಂಡೋಸ್ 10. ವಿಂಡೋಸ್ 11 ಹಾಕಲು ಬರುವುದಿಲ್ಲ ಎನ್ನುತ್ತದೆ. ಏನು ಮಾಡಬೇಕು?

ಸೊನ್ನೆಒಂದು:
ಇಂಟೆಲ್‌ನಲ್ಲಿ ಸುಮಾರಾಗಿ 8ನೇ ತಲೆಮಾರು, ಜೊತೆಗೆ ಟಿಪಿಎಂ 2.0 ಇದ್ದರೆ ಮಾತ್ರ ಅಧಿಕೃತವಾಗಿ ವಿಂಡೋಸ್ 11. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಎಸ್‌ಯು ಎಂಬ ಅವಧಿ ವಿಸ್ತರಣೆಯ ಯೋಜನೆಗೆ ಸೇರಿಕೊಂಡವರಿಗೆ 2026ರ ಅಕ್ಟೋಬರ್ 13ರ ತನಕ ಭದ್ರತಾ ಅಪ್‌ಡೇಟ್ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಆದರೆ ಇದು ಬೇರೆಯೇ ವಿಷಯ, ಹೊಸ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.

ಪೆಂಗ್ವಿನ್‌ಪುಟ್ಟ:
ಶುರು ಮಾಡಿದರೆ ನನಗೂ ಹೇಳಿ. 6ನೇ ತಲೆಮಾರಿಗೆ ನನ್ನ ಬಳಿ ಒಂದು ಔಷಧ ಇದೆ.